ಖಣದ ಗೋಡೆ

ವಿಮಾನ ನಗರ, ಪುಣೆ
12 ನವೆಂಬರ್ 2006

ಅವ್ವಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕಾಗದ ಕೈಗೆ ಬಂದೊಡನೆ ನೀನು ಕನ್ನಡಕ ಹುಡುಕಿ, "ಈಗ ನೆನಪಾತೇನು ಅವ್ವಂದು?" ಎನ್ನುತ್ತೀ. ಅನ್ನು. ಸೊಲ್ಲಾಪುರದ ವರನನ್ನು ನಿಶ್ಚಯದ ದಿನವೇ ಬೇಡವೆಂದು ಎದ್ದು ಬಂದವಳು ನಾನು. "ಇನ್ನ ನಿನ್ನ ಮಾರಿ ತೋರಸಬ್ಯಾಡ" ಎಂದವಳು ನೀನು. ಇಬ್ಬರೂ ಹಟ ಉಳಿಸಿಕೊಂಡಿದ್ದೇವೆ. ಶಿವರಾಜಣ್ಣ ನನ್ನ ಫೋನ್ ಎತ್ತುವುದಿಲ್ಲ, ನಿನಗೆ ಫೋನ್ ಕೇಳಿಸುವುದಿಲ್ಲ. ಹೀಗಾಗಿ ನೀನೇ ಕಲಿಸಿದ ಅಕ್ಷರಕ್ಕೆ ಬಂದಿದ್ದೇನೆ.

ನನಗೊಂದು ಕೆಲಸ ಸಿಕ್ಕಿದೆ. ಇಲ್ಲಿ ಹರಿಶ್ಚಂದ್ರ ಎಂಬ ದೊಡ್ಡ ಬಿಲ್ಡರ್ ಇದ್ದಾರೆ. ಸ್ವಂತಕ್ಕೆ ಒಂದು ವಿಮಾನ ಕೊಂಡಿದ್ದಾರೆ, ಎಂಟು ಜನ ಕೂಡುವಷ್ಟು. ನಗಬೇಡ, ನಿಜ. ಅದರ ಒಳಗಿನ ವಿನ್ಯಾಸ ನನ್ನದು. ಎಲ್ಲ ಸಾಹುಕಾರರ ವಿಮಾನದೊಳಗೂ ಅದೇ ಬಿಳಿ ಚರ್ಮ, ಅದೇ ಹೊಳೆಯುವ ಮರ, ದುಬಾರಿ ದವಾಖಾನೆಯ ಹಾಗೆ. ನಾನು ಗೋಡೆಗಳಿಗೆಲ್ಲ ಗುಳೇದಗುಡ್ಡದ ಹತ್ತಿಯ ಖಣ, ನೀವು ಕುಬಸ ಹೊಲಿಸುವ ಅದೇ ಬಟ್ಟೆ, ಹಚ್ಚುತ್ತೇನೆ. ಖಣದ ಹಿಂದೆ ಸಣ್ಣ ಸಣ್ಣ ದೀಪ. ಕುರ್ಚಿಗಳನ್ನು ಮಡಚಿದರೆ ಚಕ್ಕಳಮಕ್ಕಳ ಹಾಕಿ ಕೂಡುವ ಜಗುಲಿಯಾಗುತ್ತದೆ. ಒಳಗೆ ಬಂದವರಿಗೆ ಹೊತ್ತು ಮುಳುಗುವ ವೇಳೆಯಲ್ಲಿ ನಮ್ಮ ಪಡಸಾಲೆಯಲ್ಲಿ ಕೂತ ಹಾಗೆ ಅನಿಸಬೇಕು. ಇಂಥದ್ದನ್ನು ಯಾರೂ ಮಾಡಿ ನೋಡಿಲ್ಲ. ಆಫೀಸಿನಲ್ಲಿ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ನಾನು ಮುಗ್ಗರಿಸುವುದನ್ನು ಕಾಯುತ್ತಿದ್ದಾರೆ.

ಮೊದಲು ಧನಕವಡಿಯ ಒಂದು ಶೆಡ್ಡಿನಲ್ಲಿ ವಿಮಾನದ ಒಡಲಿನಷ್ಟೇ ದೊಡ್ಡದಾದ ಮರದ ಮಾದರಿ ಕಟ್ಟುತ್ತೇವೆ. ಮಾರ್ಚ್ ಮೊದಲ ವಾರ ಸಾಹುಕಾರರು ಅದರೊಳಗೆ ಕೂತು ನೋಡುತ್ತಾರೆ. ಹೂಂ ಎಂದರೆ ನನ್ನ ಹೆಸರು ನಿಂತಿತು. ಊಹೂಂ ಎಂದರೆ ಮತ್ತೆ ಮಂದಿಯ ಅಡಿಗೆಮನೆಯ ಕಪಾಟು ಬರೆಯುತ್ತ ಕೂಡಬೇಕು.

ನಿನ್ನ ತವರಿನ ನಿಜಲಿಂಗಪ್ಪ ಮಾಮಾ ನೇಯ್ದುಕೊಡುವನೇ ಕೇಳು. ನೇಯ್ದ ಬಟ್ಟೆಗೆ ಸೊಲ್ಲಾಪುರದ ಒಂದು ಕಾರಖಾನೆಯಲ್ಲಿ ಮದ್ದು ಹಾಕಿಸಬೇಕು. ವಿಮಾನದ ಕಾಯಿದೆ ಅದು, ಅದರ ಚಿಂತೆ ನಿನಗೆ ಬೇಡ.

ನಿನ್ನ ಮೊಂಡ ಮಗಳು,
ಶೈಲಶ್ರೀ


ಇಂದಾಪುರ
21 ನವೆಂಬರ್ 2006

ಚಿರಂಜೀವಿ ಶೈಲಾಗೆ,

ಕನ್ನಡಕ ಹುಡುಕಲಿಲ್ಲ, ಹಣೆಯ ಮೇಲೇ ಇತ್ತು. ಬೈದು ಬರೆಯಬೇಕೆಂದು ಕೂತವಳು ನಿನ್ನ ಕಾಗದವನ್ನು ಮೂರು ಸಲ ಓದಿ ಅತ್ತೆ. ಬೈಗಳು ಎಲ್ಲಿಗೂ ಹೋಗುವುದಿಲ್ಲ, ಮುಖ ನೋಡಿದಾಗ ಕೊಡುತ್ತೇನೆ.

ಅಂಗಡಿಯಿಂದ ನಿಜಲಿಂಗಪ್ಪನಿಗೆ ಫೋನ್ ಹಚ್ಚಿಸಿದೆ. ಶಿವರಾಜ ಮೂಗು ಮುರಿದ, ಆದರೂ ಹಚ್ಚಿದ. ನಿಜಲಿಂಗಪ್ಪ ಹೇಳಿದ್ದನ್ನು ಪಾಟಿಯ ಮೇಲೆ ಬರೆದು ತೋರಿಸಿದ. ಈಗ ನನ್ನ ಜೊತೆ ಮಾತೆಲ್ಲ ಪಾಟಿಯ ಮೇಲೇ. "ಖಣ ಉಡಿ ತುಂಬಿದ್ದು ಕೇಳೇನಿ, ಕುಬಸ ಹೊಲಸಿದ್ದು ಕೇಳೇನಿ. ಇಮಾನಕ್ಕ ಕುಬಸ ಹೊಲಸೋದು ಇದs ಮೊದಲ" ಎಂದು ನಕ್ಕನಂತೆ. ನೇಯ್ದುಕೊಡುತ್ತಾನೆ.

ಹತ್ತಿಯನ್ನೇ ಆರಿಸಿದೆಯಲ್ಲ, ನನಗೆ ಸಮಾಧಾನವಾಯಿತು. ನನ್ನ ತಂಗಿ ಇಂದೂ ಹೋದ ಮೇಲೆ ನೈಲಾನಿನ ಒಂದು ಎಳೆಯನ್ನೂ ಹೊಸ್ತಿಲು ದಾಟಿಸಿಲ್ಲ. ಸ್ಟೋವು ಸಿಡಿದದ್ದಕ್ಕಿಂತ ಆ ಸೀರೆ ಮೈಗೆ ಅಂಟಿದ್ದು ಹೆಚ್ಚಾಯಿತು. ಹದಿನೈದು ವರ್ಷವಾಯಿತು. ನನ್ನೆದುರು ಯಾರೂ ಆ ಮಾತು ಎತ್ತುವುದಿಲ್ಲ. ನಾನೂ ಎತ್ತಲಿಲ್ಲ ಎಂದುಕೋ.

ಒಂದು ಮಾತು. ಖಣದ ಅಗಲ ಕಡಿಮೆ. ಎರಡನ್ನು ಕೂಡಿಸಬೇಕಾಗುತ್ತದೆ. ಮಿಶನ್ನಿಗೆ ಕೊಡಬೇಡ, ಗೆರೆ ಎದ್ದು ಕಾಣುತ್ತದೆ. ನನಗೆ ಕಳಿಸು. ನಿನ್ನವ್ವನದು ಕೌದಿ ಹೊಲಿದ ಕೈ. ಕಿವಿ ಹೋಗಿದ್ದರೂ ಸೂಜಿ ಇನ್ನೂ ನನ್ನ ಮಾತು ಕೇಳುತ್ತದೆ.

ಊಟ ಸರಿಯಾಗಿ ಮಾಡು.

ನಿನ್ನ ಅವ್ವ,
ಸಾವಂತ್ರವ್ವ


ವಿಮಾನ ನಗರ
18 ಜನವರಿ 2007

ಅವ್ವಾ,

ಮಾಮಾ ನೇಯ್ದ ಮೊದಲ ತುಂಡು ಸೊಲ್ಲಾಪುರದಲ್ಲಿ ಮದ್ದು ಹಾಕಿಸಿಕೊಂಡು ನೇರ ಇಲ್ಲಿಗೆ ಬಂತು. ಪರೀಕ್ಷೆಯಲ್ಲಿ ಪಾಸಾಯಿತು. ಕಾಗದಕ್ಕೆ ನಾನೇ ಸಹಿ ಹಾಕಿದೆ. ಅವತ್ತು ಇಡೀ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶೆಡ್ಡಿನಲ್ಲಿ ಕೆಲಸ ನಡೆದಿದೆ. ಕುಶನ್ ಕೆಲಸಕ್ಕೆ ಬಾಳು ಎಂಬವನಿದ್ದಾನೆ, ಅಕ್ಕಲಕೋಟೆಯ ಕಡೆಯವ, ನಲವತ್ತರ ಆಸುಪಾಸು. ಮೊದಲು ಟ್ರಾವೆಲ್ಸ್ ಬಸ್ಸುಗಳ ಸೀಟು ಹೊಲಿಯುತ್ತಿದ್ದ. ಕೈ ಬಂಗಾರ, ಬಾಯಿ ಮಾತ್ರ ಬರೀ ಅನುಮಾನ. ಪರೀಕ್ಷೆಯ ಕಾಗದ ತೋರಿಸಿದರೆ, "ಮ್ಯಾಡಮ್ಮರ, ಕಾಗದ ಪಾಸ್ ಆಗೋದು ಬ್ಯಾರೆ, ಅರಿವಿ ಪಾಸ್ ಆಗೋದು ಬ್ಯಾರೆ" ಎನ್ನುತ್ತಾನೆ. ಅವನ ಹೆಂಡತಿ ನರ್ಮದಾ ಕಾಲೇಜು ಮೆಸ್ಸುಗಳಿಗೆ ರೊಟ್ಟಿ ಬಡಿದುಕೊಡುತ್ತಾಳೆ. ದಿನಾ ಅವನ ಬುತ್ತಿಯಲ್ಲಿ ನನಗೊಂದು ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ. ದೀಪದ ತಂತಿ ಎಳೆಯುವವ ಸುಖೇಶ್, ಉಡುಪಿಯವ. ಅವನ ಕನ್ನಡ ಬಾಳುವಿಗೆ ತಿಳಿಯುವುದಿಲ್ಲ, ಬಾಳುವಿನದು ಅವನಿಗೆ. ಕೊನೆಗೆ ಇಬ್ಬರೂ ಮರಾಠಿಯಲ್ಲಿ ಜಗಳಾಡುತ್ತಾರೆ.

ಉಳಿದ ಖಣವೆಲ್ಲ ಮದ್ದು ಹಾಕಿಸಿಕೊಂಡು ಫೆಬ್ರವರಿ ಮೊದಲ ವಾರ ಸೊಲ್ಲಾಪುರದ ಎಸ್.ಟಿ. ಬಸ್ಸಿನಲ್ಲಿ ಇಂದಾಪುರಕ್ಕೆ ಬರುತ್ತದೆ. ನೀನು ಕೂಡಿಸಿ, ಇಪ್ಪತ್ತರೊಳಗೆ ಪುಣೆಯ ಸ್ವಾರಗೇಟಿಗೆ ಬರುವ ಬಸ್ಸಿಗೆ ಹಾಕಿಸು. ತಡವಾದರೆ ನಾನು ಸತ್ತೆ.

ಶೈಲಾ


ಇಂದಾಪುರ
6 ಫೆಬ್ರವರಿ 2007

ಚಿರಂಜೀವಿ ಶೈಲಾಗೆ,

ಸತ್ತೆ ಗಿತ್ತೆ ಎಂದು ಬರೆಯಬೇಡ. ಗಂಟು ಬಂದಿದೆ.

ನಿಜಲಿಂಗಪ್ಪನ ಕೈಗೆ ಹೆಸರಿಡುವ ಹಾಗಿಲ್ಲ. ಬಾಳೆಹೂವಿನ ಬಣ್ಣ, ಅಂಚಿಗೆ ಹಸಿರು. ಆದರೆ ನಿನ್ನ ಸೊಲ್ಲಾಪುರದವರು ಏನು ಮಾಡಿದ್ದಾರೆ? ಬಟ್ಟೆ ಹಪ್ಪಳದಂತೆ ಬಿರುಸಾಗಿದೆ. ಮಡಿಕೆ ಬಿಚ್ಚಿದರೆ ಉಪ್ಪಿನಂಥ ಬಿಳಿ ಪುಡಿ ಉದುರುತ್ತದೆ. ಎರಡು ಮೊಳ ಹೊಲಿಯುವುದರಲ್ಲಿ ಬೆರಳ ತುದಿ ಸೀಳಿತು.

ತೊಳೆಯದ ಅರಿವೆಯನ್ನು ಕೌದಿಗೆ ಹಾಕಬಾರದು ಎಂದು ನಿನಗೆ ಗೊತ್ತಲ್ಲ. ಮುಂದೆ ಒಂದು ತುಂಡು ಕುಗ್ಗಿತೆಂದರೆ ಇಡೀ ಕೌದಿ ಮುಖ ಸಿಂಡರಿಸುತ್ತದೆ. ಒಂದು ಸಲ ನೀರು ಕಾಣಿಸಿ ಆಮೇಲೆ ಕೂಡಿಸಲೇ? ಆ ಮದ್ದು ಯಾತಕ್ಕೆ ಎಂದು ನೀನು ಬರೆಯಲಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಬೇಡವಾದರೆ ಕೂಡಲೇ ಬರೆ. ಎಂಟು ದಿನ ನೀರಿಗೆ ಹಾಕುವುದಿಲ್ಲ. ಅಲ್ಲಿಯವರೆಗೆ ತುದಿಗಳನ್ನಷ್ಟೇ ಕತ್ತರಿಸಿ ನೆಟ್ಟಗೆ ಮಾಡಿಟ್ಟುಕೊಳ್ಳುತ್ತೇನೆ. ಚೂರುಗಳು ನನ್ನ ಕೌದಿ ಡಬ್ಬಿಗೆ.

ಅವ್ವ


ಇಂದಾಪುರ
19 ಫೆಬ್ರವರಿ 2007

ಚಿರಂಜೀವಿ ಶೈಲಾಗೆ,

ಎಂಟಲ್ಲ, ಹತ್ತು ದಿನ ಕಾದೆ. ಅಂಚೆಯವನು ಬಂದಾಗಲೆಲ್ಲ ಬಾಗಿಲಿಗೆ ಹೋದೆ. ಶಿವರಾಜನಿಗೆ ಫೋನ್ ಮಾಡೆಂದರೆ, "ಆಕಿಗೆ ಬೇಕಾದ್ರ ಆಕೀನs ಮಾಡ್ಲಿ" ಎಂದು ಪಾಟಿಯ ಮೇಲೆ ಬರೆದು ಎದ್ದು ಹೋದ. ಬೇಡವೆಂದು ನೀನು ಬರೆಯಲಿಲ್ಲ. ಇಪ್ಪತ್ತು ಬಂತು.

ಮೂರು ನೀರಿನಲ್ಲಿ ತೊಳೆದು ನೆರಳಿಗೆ ಹಾಕಿದೆ. ಮೊದಲ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಈಗ ಖಣ ಖಣದ ಹಾಗಾಗಿದೆ. ಹಗಲೆಲ್ಲ ಕೂತು ಕೂಡಿಸಿದ್ದೇನೆ. ಗೆರೆ ಎಲ್ಲಿದೆ ಎಂದು ನಿನ್ನ ಬಾಳು ಹುಡುಕಿ ತೋರಿಸಲಿ. ಹೊಸ ಬಟ್ಟೆ, ನಿನ್ನ ಮೊದಲ ದೊಡ್ಡ ಕೆಲಸ. ಅದಕ್ಕೆ ಒಂದೊಂದು ಮೂಲೆಗೂ ಒಂದು ಬೊಟ್ಟು ಅರಿಷಿಣ ಮುಟ್ಟಿಸಿದ್ದೇನೆ. ಹೊರಗೆ ಕಾಣದ ಹಾಗೆ ಒಳಗೆ ಮಡಚಿ ಬಡಿಯಿರಿ.

ನಾಳೆ ಬೆಳಗಿನ ಬಸ್ಸಿಗೆ ಹಾಕಿಸುತ್ತೇನೆ.

ಅವ್ವ


ವಿಮಾನ ನಗರ
26 ಫೆಬ್ರವರಿ 2007

ಅವ್ವಾ,

ಗಂಟು ಮುಟ್ಟಿತು. ಅಬ್ಬಾ, ಎಷ್ಟು ಮೆತ್ತಗೆ! ಹಿಂದೆ ದೀಪ ಹಚ್ಚಿದರೆ ಇಡೀ ಗೋಡೆ ಉಸಿರಾಡುತ್ತದೆ. ನಾನು ಕನಸಿನಲ್ಲಿ ಕಂಡದ್ದು ಇದೇ. ಬಾಳು ಎಂದಿನಂತೆ ಏನೋ ಅನುಮಾನ ತೆಗೆದ, ಬೈದು ಕೆಲಸಕ್ಕೆ ಕಳಿಸಿದೆ. ಸಾಹುಕಾರರು ಸೋಮವಾರ, ಮಾರ್ಚ್ ಐದಕ್ಕೆ ಬರುತ್ತಾರೆ.

ನಿನ್ನ ಎರಡು ಪತ್ರ ಮೇಜಿನ ಮೇಲಿವೆ. ಇನ್ನೂ ತೆರೆದಿಲ್ಲ, ಸಿಟ್ಟಾಗಬೇಡ. ನಿನ್ನ ಪತ್ರವನ್ನು ಗಡಿಬಿಡಿಯಲ್ಲಿ ಓದಲಾರೆ. ಸೋಮವಾರ ಮುಗಿದ ಮೇಲೆ ಚಹಾ ಮಾಡಿಕೊಂಡು ಕೂತು ಓದುತ್ತೇನೆ.

ಶೈಲಾ


ಇಂದಾಪುರ
8 ಮಾರ್ಚ್ 2007

ಶೈಲಾ,

ಶಿವರಾಜ ಪೇಪರು ತಂದು ಮುಂದಿಟ್ಟ. ಧನಕವಡಿಯ ಶೆಡ್ಡಿಗೆ ಬೆಂಕಿ, ಒಬ್ಬ ಕೆಲಸಗಾರ ದವಾಖಾನೆಯಲ್ಲಿ ತೀರಿಕೊಂಡ ಎಂದಿದೆ. ವಿಮಾನದ ಮಾದರಿ ಎಂದೂ ಇದೆ. ನೀನು ಬದುಕಿದ್ದೀ ಎಂದು ಶಿವರಾಜ ಆಫೀಸಿಗೆ ಫೋನ್ ಮಾಡಿ ಕೇಳಿ ಬರೆದು ತೋರಿಸಿದ. ತಾನಾಗಿಯೇ ಮಾಡಿದ. ನಿನ್ನ ಕೈಯಿಂದ ಒಂದು ಸಾಲು ಬೇಕು.

ಅವ್ವ


ವಿಮಾನ ನಗರ
29 ಮಾರ್ಚ್ 2007

ಅವ್ವಾ,

ಮೈಗೆ ಏನೂ ಆಗಿಲ್ಲ. ಮೂರು ವಾರದಿಂದ ಬರೆಯಲು ಕೂತು ಏಳುತ್ತಿದ್ದೇನೆ.

ನಾಲ್ಕನೆಯ ತಾರೀಖು, ರವಿವಾರ ಮಧ್ಯಾಹ್ನ. ಎಲ್ಲ ಮುಗಿದಿತ್ತು. ಹಿಂದಿನ ಗೋಡೆಯ ಒಂದು ಮೂಲೆ ಸಡಿಲಾಗಿದೆ ಎಂದು ಬಾಳು ಮಾದರಿಯೊಳಗೆ ಹೋದ. ನಾನು ಹೊರಗೆ ನಿಂತು ದೀಪ ಹಚ್ಚಿಸಿದೆ. ಖಣದ ಹಿಂದೆ ಎಲ್ಲೋ ಕಿಡಿ ಹಾರಿತು. ಮೊದಲು ಒಂದು ಕಂದು ಕಲೆ ಕಂಡಿತು, ಅಂಗೈಯಷ್ಟು. ಆಮೇಲೆ ಗೋಡೆಯೇ ಎದ್ದಿತು. ವಿಮಾನದ ಬಾಗಿಲು ಎಷ್ಟಿರುತ್ತದೋ ಅಷ್ಟೇ ಇರಬೇಕೆಂದು ಹಟ ಹಿಡಿದು ಸಣ್ಣ ಬಾಗಿಲು ಇಡಿಸಿದವಳು ನಾನು. ಅವನು ಅದರಲ್ಲಿ ಹೊರಬರುವಷ್ಟರಲ್ಲಿ ಖಣದ ಹಿಂದಿನ ಫೋಮಿಗೂ ಹತ್ತಿತ್ತು. ಸುಖೇಶ್ ಅವನನ್ನು ಎಳೆದ. ಸುಖೇಶನ ಎರಡೂ ಕೈ ಸುಟ್ಟಿವೆ. ಬಾಳು ಮೂರು ದಿನ ಇದ್ದ.

ನಿನಗೆ ಈ ಮಾತು ಬರೆಯಬಾರದೆಂದಿದ್ದೆ. ಇಂದೂ ಚಿಕ್ಕವ್ವನ ನೆನಪಾಗುತ್ತದೆ ಎಂದೇ ಮೊದಲಿನಿಂದಲೂ ನಿನ್ನ ಮುಂದೆ ಬೆಂಕಿ ಎಂಬ ಶಬ್ದ ತೆಗೆಯಲಿಲ್ಲ.

ತಂತಿಯ ತಪ್ಪು ಎಂದು ಪೊಲೀಸರು ಹೇಳುತ್ತಾರೆ. ನಾನೂ ಹಾಗೆಯೇ ಬರೆದುಕೊಟ್ಟೆ. ಸುಖೇಶನನ್ನು ದವಾಖಾನೆಯಿಂದಲೇ ಹಿಡಿದುಕೊಂಡು ಹೋದರು.

ಶೈಲಾ


ಇಂದಾಪುರ
11 ಏಪ್ರಿಲ್ 2007

ಶೈಲಾ,

ನಿಜಲಿಂಗಪ್ಪ ಮೊನ್ನೆ ಬಂದಿದ್ದ. ಸೊಲ್ಲಾಪುರದವರು ಖಣಕ್ಕೆ ಹಾಕಿದ ಮದ್ದು ಯಾತಕ್ಕೆ ಎಂದು ಕೇಳಿದೆ. ಪಾಟಿಯ ಮೇಲೆ ಎರಡು ಮಾತು ಬರೆದ: "ಬೆಂಕಿ ಹತ್ತಬಾರದಂತ." ನೀರು ಬಿದ್ದರೆ ಏನಾಗುತ್ತದೆ ಎಂದೆ. ಅವನು ಬಳಪ ಕೆಳಗಿಟ್ಟ.

ಅವನು ಹೋದ ಮೇಲೆ ಕೌದಿ ಡಬ್ಬಿ ತೆಗೆದೆ. ತೊಳೆಯುವ ಮೊದಲು ಕತ್ತರಿಸಿದ ಚೂರು ಇದ್ದವು, ತೊಳೆದ ಮೇಲೆ ಕತ್ತರಿಸಿದವೂ ಇದ್ದವು. ಸೊಸೆಯನ್ನು ಹೊರಗೆ ಕಳಿಸಿ ಒಲೆಯ ಮುಂದೆ ಕೂತೆ. ಹದಿನೈದು ವರ್ಷದಲ್ಲಿ ನಾನಾಗಿ ಅರಿವೆಗೆ ಕಡ್ಡಿ ಕೊರೆದದ್ದು ಅದೇ ಮೊದಲು. ತೊಳೆಯದ ಚೂರು ಕಪ್ಪಾಯಿತು, ಹೊಗೆಯಾಡಿತು, ಕಡ್ಡಿ ತೆಗೆದೊಡನೆ ಆರಿತು. ತೊಳೆದದ್ದು ಆರಲಿಲ್ಲ. ಇಕ್ಕಳದವರೆಗೆ ಏರಿ ಬಂತು. ಸುಳ್ಳಿರಬಹುದು ಎಂದು ಮತ್ತೊಂದು ಸುಟ್ಟೆ. ಎಂಟು ಚೂರು ಸುಟ್ಟೆ, ಶೈಲಾ. ಎಂಟೂ ಒಂದೇ ಮಾತು ಹೇಳಿದವು.

ಆ ಮನುಷ್ಯನನ್ನು ಕೊಂದದ್ದು ತಂತಿಯಲ್ಲ, ನನ್ನ ಈ ಕೈ. ನಾನು ಪುಣೆಗೆ ಬಂದು ಪೊಲೀಸರ ಮುಂದೆ ಹೇಳುತ್ತೇನೆ. ಆ ಉಡುಪಿಯ ಹುಡುಗನಿಗೂ ಒಬ್ಬ ತಾಯಿ ಇರಬೇಕು.

ಅವ್ವ


ವಿಮಾನ ನಗರ
17 ಏಪ್ರಿಲ್ 2007

ಅವ್ವಾ,

ಬರಬೇಡ. ಕೈ ಮುಗಿಯುತ್ತೇನೆ, ಬರಬೇಡ.

ನೀನು ಫೆಬ್ರವರಿಯಲ್ಲೇ ಕೇಳಿದ್ದೆ. ತೊಳೆಯಲೇ ಎಂದು ಕೇಳಿ, ಕಾದು, ಬೇಡವಾದರೆ ಬರೆ ಎಂದಿದ್ದೆ. ಆ ಪತ್ರ ನನ್ನ ಮೇಜಿನ ಮೇಲೆ ಬಿದ್ದಿತ್ತು. ಬಾಳು ತೀರಿದ ಮರುದಿನ ತೆರೆದೆ. ತೆರೆದದ್ದೇ ತಿಳಿಯಿತು. ಹೀಗಾಗಿ ತಪ್ಪು ನಿನ್ನದಲ್ಲ, ಪತ್ರ ತೆರೆಯದ ನನ್ನದು. ಮದ್ದು ಯಾತಕ್ಕೆಂದು ಹೇಳದವಳೂ ನಾನೇ. ಗೊತ್ತಿದ್ದೂ ತಂತಿ ಎಂದು ಬರೆದುಕೊಟ್ಟೆ. ಹೆದರಿದ್ದೆ.

ಈಗ ನೀನು ಬಾಯಿ ಬಿಟ್ಟರೆ ನಾನು ಒಳಗೆ ಹೋಗುತ್ತೇನೆ. ಸುಖೇಶನಿಗೆ ಆಫೀಸಿನವರು ವಕೀಲರನ್ನು ಹಿಡಿದಿದ್ದಾರೆ, ಜಾಮೀನು ಆಗುತ್ತದೆ. ಹರಿಶ್ಚಂದ್ರರು ವಿದೇಶದಿಂದ ಬಿಳಿ ಚರ್ಮ ತರಿಸುತ್ತಿದ್ದಾರೆ. ಎಲ್ಲರೂ ಮರೆಯುತ್ತಿದ್ದಾರೆ. ನೀನೂ ಸುಮ್ಮನಿದ್ದುಬಿಡು.

ಶೈಲಾ


ಇಂದಾಪುರ
2 ಮೇ 2007

ಶೈಲಾ,

ಪುಣೆಗೆ ಬಂದು ಹೋದೆ. ನಿನಗೆ ಹೇಳಲಿಲ್ಲ. ಪೊಲೀಸರ ಹತ್ತಿರ ಹೋಗಲಿಲ್ಲ, ನಿನ್ನ ಮಾತು ಕಾಲಿಗೆ ಕಟ್ಟಿತು. ನಾನು ತಾಯಿ, ಏನು ಮಾಡಲಿ. ಆದರೆ ಮನೆಯಲ್ಲೇ ಸುಮ್ಮನೆ ಕೂಡಲಾಗಲಿಲ್ಲ. ಶಿವರಾಜ ಧನಕವಡಿಯಲ್ಲಿ ಬಾಳುವಿನ ಮನೆ ಹುಡುಕಿಕೊಟ್ಟು ಹೊರಗೆ ನಿಂತ.

ಏನು ಒಯ್ಯಬೇಕೋ ತಿಳಿಯಲಿಲ್ಲ. ಬೇರೆ ದಿನವಾಗಿದ್ದರೆ ಯಾರಿಂದಲಾದರೂ ಅವನ ಹೆಂಡತಿಗೆ ಖಣ ಕೊಟ್ಟು ಉಡಿ ತುಂಬಿಸುತ್ತಿದ್ದೆ. ಗಂಡನಿಲ್ಲದ ನಾನು ಕೊಡುವ ಹಾಗಿಲ್ಲ. ಆಕೆ ಈಗ ತೆಗೆದುಕೊಳ್ಳುವ ಹಾಗಿಲ್ಲ. ಬರಿಗೈಲಿ ಹೋದೆ.

ನರ್ಮದಾ ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ನಾನು ಎಲ್ಲ ಹೇಳಿದೆ. "ತಂಗೀ, ಆ ಅರಿವಿ ತೊಳದಾಕಿ ನಾನವ್ವ. ಮದ್ದು ಹೋಗಿದ್ದು ನನ್ನ ಕೈಯಾಗ" ಎಂದು ಹೇಳಿ ಕಾಲು ಹಿಡಿದೆ. ಅವಳು ಕಾಲು ಹಿಂದೆ ತೆಗೆದುಕೊಂಡಳು. ಆಮೇಲೆ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು, ಶೈಲಾ. ಕೈ ಆಡಿಸಿದಳು, ಎದೆ ತಟ್ಟಿಕೊಂಡಳು, ಒಂದು ಸಲ ನನ್ನ ಭುಜ ಹಿಡಿದು ಅಲುಗಿಸಿದಳು. ನನಗೆ ಒಂದು ಶಬ್ದವೂ ಕೇಳಿಸಲಿಲ್ಲ. ಪಾಟಿ, ಬಳಪ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ತಲೆ ಅಲ್ಲಾಡಿಸಿದಳು. ಅವಳಿಗೆ ಬರೆಯಲು ಬರುವುದಿಲ್ಲ. ಶಿವರಾಜನನ್ನು ಒಳಗೆ ಕರೆದರೆ ಅವಳು ಸೆರಗು ಮುಚ್ಚಿಕೊಂಡು ಸುಮ್ಮನಾದಳು.

ಅವಳು ಶಾಪ ಹಾಕಿದಳೋ, ಹೋಗಲಿ ಬಿಡು ಎಂದಳೋ ನನಗೆ ಗೊತ್ತಿಲ್ಲ. ಅದು ತಿಳಿಯದೆ ಅನ್ನ ಇಳಿಯುವುದಿಲ್ಲ. ನೀನು ಹೋಗಿ ಕೇಳು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆ. ನನ್ನ ಮೇಲೆ ಮರುಕಪಟ್ಟು ಒಂದಕ್ಷರ ತಿದ್ದಿದರೂ ನಾನು ನಿನ್ನ ಅವ್ವ ಅಲ್ಲ.

ಸಾವಂತ್ರವ್ವ


ವಿಮಾನ ನಗರ
9 ಮೇ 2007

ಅವ್ವಾ,

ಹೋಗಿದ್ದೆ. ಬಾಳು ತೀರಿದ ಮೇಲೆ ಆ ಮನೆಗೆ ಹೋದದ್ದು ಇದೇ ಮೊದಲು. ನರ್ಮದಾ ರೊಟ್ಟಿ ಬಡಿಯುತ್ತಿದ್ದಳು, ನಾನು ಬಂದೆನೆಂದು ನಿಲ್ಲಿಸಲಿಲ್ಲ. "ಅವ್ವ ಕಳಿಸ್ಯಾಳ್ರೀ. ನೀವು ಹೇಳಿದ್ದು ಆಕಿಗೆ ಕೇಳಸಲಿಲ್ಲಂತ" ಎಂದೆ. ಅವಳು ಹೇಳಿದ್ದು ಇಷ್ಟು, ಒಂದಕ್ಷರ ತಿದ್ದಿಲ್ಲ:

"ನಿಮ್ಮ ಅವ್ವಾರಿಗೆ ನಾ ಹೇಳಿದ್ದು ಒಂದs ಮಾತ್ರೀ. ಯಮ್ಮಾ, ನೀವು ತೊಳದದ್ದು ನಮ್ಮವರಿಗೆ ಗೊತ್ತಿತ್ತು. ಗಂಟು ಬಿಚ್ಚಿದ ದಿನಾನ ಮನಿಗೆ ಬಂದು ಹೇಳಿದ್ರು. ಅರಿವಿ ನೀರು ಕಂಡೈತಿ, ಮೂಲ್ಯಾಗ ಅರಿಷಿಣ ಐತಿ, ಒಂದು ಚೂರು ಸುಟ್ಟು ನೋಡೂಣ್ರಿ ಅಂದ್ರ ಮ್ಯಾಡಮ್ಮರು ಬ್ಯಾಡ ಅಂದ್ರು ಅಂತ. ಮರುದಿನ ಮತ್ತ ಕೇಳ್ಯಾರ. ನಿನಗ ಅಂಜಿಕಿ ಇದ್ದರ ಬಿಡು, ಬ್ಯಾರೆಯವರು ಹಚ್ತಾರ ಅಂದ್ರಂತ ಮ್ಯಾಡಮ್ಮರು. ಅದಕ್ಕ ಸುಮ್ಮಕ ಹಚ್ಚಿದ್ರು. ಇಷ್ಟ ಹೇಳಿದೆ. ತಪ್ಪು ನಿಮ್ಮದಲ್ಲ, ನನ್ನ ಕಾಲ ಹಿಡೀಬ್ಯಾಡ್ರಿ ಅಂತ ಭುಜ ಹಿಡದು ಎಬ್ಬಿಸಿದೆ. ಪಾಪ, ಅವರು ಮತ್ತಷ್ಟು ಅತ್ರು."

ಇದು ನಿಜ, ಅವ್ವಾ. ಬಾಳುವನ್ನು ಬೈದು ಕಳಿಸಿದೆ ಎಂದು ನಿನಗೆ ಬರೆದಿದ್ದೆನಲ್ಲ, ಬೈದದ್ದು ಇದಕ್ಕೆ. ಚೂರು ಸುಟ್ಟು ನೋಡಲು ಅರ್ಧ ನಿಮಿಷ ಸಾಕಿತ್ತು. ಆದರೆ ಬಟ್ಟೆ ಅಷ್ಟು ಚೆನ್ನಾಗಿ ಬಂದಿತ್ತು, ಪಾಸಾಗದಿದ್ದರೆ ಎಂಬ ಭಯಕ್ಕೆ ನೋಡುವುದೇ ಬೇಡವೆಂದೆ. ಪತ್ರ ತೆರೆಯಲಿಲ್ಲ ಎಂಬ ಸಣ್ಣ ತಪ್ಪನ್ನು ನಿನ್ನ ಮುಂದಿಟ್ಟು, ದೊಡ್ಡದನ್ನು ಅದರ ಹಿಂದೆ ಮುಚ್ಚಿಟ್ಟೆ. ಸುಖೇಶನಿಗೆ ಇನ್ನೂ ಜಾಮೀನು ಆಗಿಲ್ಲ.

ಏಳುವಾಗ ನರ್ಮದಾ ಒಂದು ರೊಟ್ಟಿ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಅವರು ಇದ್ದಾಗಿನ ರೂಢಿ, ಒಂದು ಜಾಸ್ತಿ ಆಗತೈತಿ" ಎಂದಳು. ತಿನ್ನಲಾಗಲಿಲ್ಲ.

ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗುತ್ತೇನೆ. ನಿನ್ನ ಫೆಬ್ರವರಿಯ ಎರಡೂ ಪತ್ರ ಒಯ್ಯುತ್ತೇನೆ. ಉಳಿದ ಚೂರುಗಳಿದ್ದರೆ ಶಿವರಾಜಣ್ಣನ ಕೈಯಲ್ಲಿ ಕಳಿಸು, ತೊಳೆದದ್ದು ಬೇರೆ, ತೊಳೆಯದ್ದು ಬೇರೆ ಕಟ್ಟಿ.

ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ನೀನು ಬರೆಯುತ್ತಿರು. ಎಲ್ಲಿದ್ದರೂ, ಬಂದ ಪತ್ರವನ್ನು ಬಂದ ದಿನವೇ ತೆರೆಯುತ್ತೇನೆ.

ನಿನ್ನ ಮಗಳು,
ಶೈಲಶ್ರೀ